ಡ್ಯಾಶ್‌ಬೋರ್ಡ್ ಹಸಿರಾಗಿದೆ ಅಂತ ನಂಬಬೇಡಿ: ಸರ್ವರ್ ಮಾನಿಟರಿಂಗ್ ಸೇವೆ ಕೊಳ್ಳುವ ಮುಂಚೆ ಇದನ್ನು ಓದಿ

ವೆಬ್ ಸರ್ವರ್ ಮೇಲೆ ಕಣ್ಣಿಡುವ ಕೆಲಸವನ್ನು ಹೊರಗಿನವರಿಗೆ ಕೊಟ್ಟಿದ್ದೀರಾ? ಕೊಡಬೇಕು ಅಂತಿದ್ದೀರಾ? ಹಾಗಾದರೆ ನಮಗೆ ಆದದ್ದು ನಿಮಗೂ ಗೊತ್ತಿರಲಿ. ನಾವು ದುಡ್ಡು ಕೊಟ್ಟು ಮಾನಿಟರಿಂಗ್ ಸೇವೆ ತೆಗೆದುಕೊಂಡಿದ್ದೆವು. ನಮ್ಮ ಸೈಟಿನಲ್ಲಿ ಅರ್ಜಿ ಹಾಕಲು ಕೊನೆಯ ದಿನ ಡ್ಯಾಶ್‌ಬೋರ್ಡ್, ಅಂದರೆ ಸರ್ವರ್ ಸ್ಥಿತಿ ತೋರಿಸುವ ಪರದೆ, ಪೂರ್ತಿ ಹಸಿರಾಗಿತ್ತು. ಅದೇ ಹೊತ್ತಿಗೆ ಜನ ಫಾರಂ ತುಂಬಿ, ಬಟನ್ ಒತ್ತಿ, ಸುತ್ತುತ್ತಲೇ ಇದ್ದ ಪುಟದ ಮುಂದೆ ಕೂತಿದ್ದರು. ಎಷ್ಟೋ ಜನರ ಅರ್ಜಿ ಸೇರಲೇ ಇಲ್ಲ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಫೋನ್ ಮಾಡಿದರೆ ಸೇವೆಯವರದು ಒಂದೇ ಉತ್ತರ. "ಸರ್ವರ್ ಅಪ್ ಇದೆ ಸರ್, ಸಿಪಿಯು ಕೂಡ ಆರಾಮಾಗಿದೆ. ಅವರ ಕಡೆ ನೆಟ್ ಸರಿ ಇಲ್ಲ ಅನ್ಸುತ್ತೆ." ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಗ್ರಾಫ್‌ನಲ್ಲಿ ಕಾಣುತ್ತಿದ್ದದ್ದೇ ಅಷ್ಟು.

ನಿಜವಾಗಿ ಆಗಿದ್ದು ಬೇರೆ. ಡೇಟಾಬೇಸ್ ಇನ್ನೊಂದು ಮೆಷಿನ್‌ನಲ್ಲಿತ್ತು. ಕೆಲವು ಭಾರಿ ರಿಪೋರ್ಟ್ ಕ್ವೆರಿಗಳು (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳು) ಅದರ ಜೊತೆಗಿನ ಕನೆಕ್ಷನ್‌ಗಳನ್ನೆಲ್ಲ ಹಿಡಿದು ಕೂತಿದ್ದವು. ಉಳಿದ ರಿಕ್ವೆಸ್ಟ್‌ಗಳು ಕನೆಕ್ಷನ್‌ಗಾಗಿ ಸುಮ್ನೆ ಕಾಯುತ್ತಿದ್ದವು. ಹಾಗೆ ಕಾಯುವ ಪ್ರೊಸೆಸ್‌ಗೆ ಸಿಪಿಯು ಬೇಕಾಗುವುದೇ ಇಲ್ಲ, ಅಲ್ವಾ? ಸೈಟು ಸಿಕ್ಕಿಕೊಂಡಷ್ಟೂ ವೆಬ್ ಸರ್ವರ್‌ನ ಸಿಪಿಯು ಗ್ರಾಫ್ ಇಳಿಯುತ್ತಾ ಹೋಯಿತು. ಸಿಪಿಯು ಕಡಿಮೆ ಇದೆ ಅಂದ ಮಾತ್ರಕ್ಕೆ ಎಲ್ಲ ಸರಿಯಿದೆ ಅಂತಲ್ಲ. ಗಿಜಿಗುಡಬೇಕಾದ ಹೊತ್ತಿನಲ್ಲಿ ಅದು ಇಳಿದರೆ ಗಾಬರಿಯಾಗಬೇಕು.

ಇಷ್ಟಾದರೂ ಅಲರ್ಟ್ ಯಾಕೆ ಬರಲಿಲ್ಲ? ಅವರು 5 ನಿಮಿಷಕ್ಕೊಮ್ಮೆ ತೆರೆದು ನೋಡುತ್ತಿದ್ದದ್ದು ಮುಖಪುಟವನ್ನು ಮಾತ್ರ. ಅದು ಕ್ಯಾಶ್‌ನಿಂದ, ಅಂದರೆ ಮೊದಲೇ ಉಳಿಸಿಟ್ಟ ಪ್ರತಿಯಿಂದ ಬರುತ್ತದೆ, ಡೇಟಾಬೇಸ್ ಸತ್ತು ಬಿದ್ದಿದ್ದರೂ ತೆರೆಯುತ್ತದೆ. ಇನ್ನೂ ಕೆಟ್ಟ ಸಂಗತಿ ಒಂದಿತ್ತು. ಕನೆಕ್ಷನ್ ಸಿಗದಿದ್ದಾಗ ನಮ್ಮ ಅಪ್ಲಿಕೇಶನ್ "ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ" ಎಂಬ ಪುಟ ಕೊಡುತ್ತಿತ್ತು. ಪುಟದ ಜೊತೆ ಸರ್ವರ್ ಕಳಿಸುವ ಸ್ಟೇಟಸ್ ಕೋಡ್ 503 (ಸದ್ಯ ಸೇವೆ ಇಲ್ಲ) ಆಗಿರಬೇಕಿತ್ತು, ಬರುತ್ತಿದ್ದದ್ದು 200 (ಎಲ್ಲ ಸರಿ). ಲಾಗ್‌ನಲ್ಲಿ (ಸರ್ವರ್ ಬರೆದಿಡುವ ದಾಖಲೆಯಲ್ಲಿ) ತಪ್ಪುಗಳನ್ನು ಎಣಿಸುವವರಿಗೂ ಅದು ಯಶಸ್ಸಿನ ಲೆಕ್ಕಕ್ಕೇ ಸೇರಿಹೋಗಿತ್ತು. ಅದಕ್ಕೇ ಹೇಳುವುದು, ಕೋಡ್ ನೋಡಿದರೆ ಸಾಲದು. ಪುಟದಲ್ಲಿ ಇರಲೇಬೇಕಾದ ಒಂದು ಪದ ಇದೆಯಾ ಅಂತಲೂ ಹುಡುಕಬೇಕು. ಲಾಗಿನ್ ಆಗಿ, ಫಾರಂ ತುಂಬಿ, ಉತ್ತರ ಬರುವವರೆಗೆ ಹೋಗುವ ಚೆಕ್ ಬೇಕು.

ತಿಂಗಳ ವರದಿಯಲ್ಲಿ ಅವರು ಕೊಡುತ್ತಿದ್ದದ್ದು ಸರಾಸರಿ ರೆಸ್ಪಾನ್ಸ್ ಟೈಮ್. ಈ ಸರಾಸರಿಯನ್ನು ದಯವಿಟ್ಟು ನಂಬಬೇಡಿ. 100 ರಿಕ್ವೆಸ್ಟ್‌ಗಳಲ್ಲಿ 95 ಕ್ಕೆ 0.1 ಸೆಕೆಂಡ್, ಉಳಿದ 5 ಕ್ಕೆ 10 ಸೆಕೆಂಡ್ ಹಿಡಿದರೆ ಸರಾಸರಿ 0.6 ಸೆಕೆಂಡ್ ಕೂಡ ಆಗುವುದಿಲ್ಲ. ಆ 5 ಜನ ಎಲ್ಲಿ ಹೋದರು? 95ನೇ ಮತ್ತು 99ನೇ ಪರ್ಸೆಂಟೈಲ್ ಕೇಳಿ ಪಡೆಯಿರಿ. 100 ರಲ್ಲಿ 99 ರಿಕ್ವೆಸ್ಟ್ ಎಷ್ಟು ಹೊತ್ತಿನೊಳಗೆ ಮುಗಿದವು ಅಂತ ಆಗ ಗೊತ್ತಾಗುತ್ತದೆ. ಅಪ್‌ಟೈಮ್ (ಸೈಟು ನಡೆಯುತ್ತಿರುವ ಸಮಯ) ಶೇ. 99.9 ಅನ್ನುವುದೂ ಹೀಗೇ. ಅಷ್ಟು ಕೊಟ್ಟರೂ 30 ದಿನದಲ್ಲಿ ಸುಮಾರು 43 ನಿಮಿಷ ಸೈಟು ಬಿದ್ದಿರಬಹುದು. ಆ 43 ನಿಮಿಷ ಕೊನೆಯ ದಿನವೇ ಬಂದರೆ?

ಎಂಜಿನ್‌ಎಕ್ಸ್ (nginx) ಎಂಬ ವೆಬ್ ಸರ್ವರ್ ಸಾಫ್ಟ್‌ವೇರ್ ಬಳಸುವವರು ಇವತ್ತೇ ಒಂದು ಕೆಲಸ ಮಾಡಿ. ಅದರ ಮಾಮೂಲಿ ಆಕ್ಸೆಸ್ ಲಾಗ್‌ನಲ್ಲಿ ರಿಕ್ವೆಸ್ಟ್‌ಗೆ ಎಷ್ಟು ಹೊತ್ತು ಹಿಡಿಯಿತು ಅನ್ನುವುದೇ ಇರುವುದಿಲ್ಲ. ಲಾಗ್ ಫಾರ್ಮ್ಯಾಟ್‌ಗೆ ರಿಕ್ವೆಸ್ಟ್ ಟೈಮ್ (ಒಟ್ಟು ಹಿಡಿದ ಹೊತ್ತು), ಅಪ್‌ಸ್ಟ್ರೀಮ್ ರೆಸ್ಪಾನ್ಸ್ ಟೈಮ್ (ಹಿಂದಿರುವ ಅಪ್ಲಿಕೇಶನ್ ಉತ್ತರ ಕೊಡಲು ಹಿಡಿದ ಹೊತ್ತು) ಎರಡನ್ನೂ ಸೇರಿಸಿ. ಎರಡೂ ಜಾಸ್ತಿ ಇದ್ದರೆ ಮೊದಲು ಅಪ್ಲಿಕೇಶನ್, ಡೇಟಾಬೇಸ್ ಕಡೆ ನೋಡಿ. ಮೊದಲನೆಯದು ಜಾಸ್ತಿ, ಎರಡನೆಯದು ಕಡಿಮೆ ಇದ್ದರೆ ಬಳಕೆದಾರರ ನೆಟ್ ನಿಧಾನವಿರಬಹುದು. ನೆಟ್ ಸರಿ ಇಲ್ಲ ಅಂದವರ ಹತ್ತಿರ ಈ ಎರಡು ಅಂಕಿಗಳೇ ಇರಲಿಲ್ಲ.

ಸೆಟ್ಟಿಂಗ್ ಬಗೆದು ನೋಡುವಾಗ ಇನ್ನೊಂದು ಸಿಕ್ಕಿತು. ಅಲರ್ಟ್ ಮೇಲ್ ಹೋಗಬೇಕಿದ್ದದ್ದು ಅದೇ ಸರ್ವರ್‌ನಿಂದ! ಸರ್ವರ್ ಬಿದ್ದರೆ ಮೇಲ್ ಕಳಿಸುವವರು ಯಾರು? ಚೆಕ್ ಮಾಡುವ ಮೆಷಿನ್ ಬೇರೆ ಜಾಗದಲ್ಲಿ, ಬೇರೆ ನೆಟ್‌ವರ್ಕ್‌ನಲ್ಲಿ ಇರಬೇಕು. ಸಹಿ ಹಾಕುವ ಮುಂಚೆ ಟೆಸ್ಟ್ ಸರ್ವರ್‌ನಲ್ಲಿ ಡೇಟಾಬೇಸ್ ನಿಲ್ಲಿಸಿ, ಅಲರ್ಟ್ ನಿಮ್ಮ ಫೋನಿಗೆ ಬರುತ್ತಾ ಅಂತ ಅವರ ಎದುರಲ್ಲೇ ನೋಡಿ. ಅದಕ್ಕೆ ಒಪ್ಪದವರ ಸೇವೆ ತೆಗೆದುಕೊಳ್ಳಬೇಡಿ.