ಅಳಿವೆ ಕಾಯಲು ಯಾವ ದಾರಿ: ಸೌತ್ ಸ್ಲೂ ಅಥವಾ ಹೆಎಯಾ?

ಅಳಿವೆ, ಅಂದರೆ ನದಿ ಕಡಲು ಸೇರುವ ಜಾಗ, ಉಳಿಸಲು ಮಾದರಿ ಹುಡುಕುವವರು ಅಮೆರಿಕದ ಈ ಎರಡು ಮೀಸಲುಗಳನ್ನು ನೋಡಬೇಕು.

ಒರೆಗಾನ್‌ನ ಸೌತ್ ಸ್ಲೂ 1974ರದು, ಆ ದೇಶದ ರಾಷ್ಟ್ರೀಯ ಅಳಿವೆ ಮೀಸಲುಗಳಲ್ಲೇ ಮೊದಲನೆಯದು. ಆಡಳಿತ ರಾಜ್ಯದ್ದು. ಮೀಸಲಿನ ನಿರ್ವಹಣಾ ಆಯೋಗದಲ್ಲಿ ಮೂಲನಿವಾಸಿಗಳಿಗೆ ಕಾನೂನೇ ಒಂದು ಸ್ಥಾನ ಕೊಟ್ಟಿದೆ.

ಹವಾಯಿಯ ಹೆಎಯಾ 2017ರದು. ಇಲ್ಲಿ ಮೂಲನಿವಾಸಿಗಳು ಸುಮ್ನೆ ಸಭೆಯಲ್ಲಿ ಕೂರುವುದಿಲ್ಲ, ಕೆಲಸವನ್ನೇ ನಡೆಸುತ್ತಾರೆ. ಮೇಲೆ ಕೆಸುವಿನ ಗದ್ದೆ, ಕೆಳಗೆ ಸುಮಾರು 800 ವರ್ಷ ಹಳೆಯ ಮೀನುಕೊಳ. ಗದ್ದೆ ಹೂಳು ತಡೆದರೆ ಕೊಳ ಉಳಿಯುತ್ತದೆ. ಹೊರಗಿನಿಂದ ಬಂದ ಕಾಂಡ್ಲಾ ಗಿಡಗಳನ್ನು ಅಲ್ಲಿ ಕಡಿಯುತ್ತಾರೆ. ನಮ್ಮ ಅಘನಾಶಿನಿಯಲ್ಲಿ ಕಾಂಡ್ಲಾ ಬೇಕೇ ಬೇಕು, ಅಲ್ವಾ? ಅದಕ್ಕೇ ಆ ನೆಲ ಬಲ್ಲವರ ಮಾತು ಮುಖ್ಯ.

ಎರಡೂ ಕಡೆ ಮೀಸಲಿನ ನಿರ್ವಹಣಾ ಯೋಜನೆಯ ಕರಡನ್ನು ಜನರ ಮುಂದಿಡಬೇಕು. ಕಾನೂನಿನ ಭದ್ರತೆ ಬೇಕಿದ್ದರೆ ಸೌತ್ ಸ್ಲೂ ನೋಡಿ. ಅಳಿವೆಯನ್ನೇ ನಂಬಿ ದುಡಿಯುವ ಜನ ಇನ್ನೂ ಇರುವಲ್ಲಿ ನಾನು ಹೆಎಯಾ ದಾರಿಯನ್ನೇ ಹೇಳುತ್ತೇನೆ.