ಮೃದಂಗದ ಫೈಬರ್ ಪೆಟ್ಟಿಗೆ: ವಿಮಾನಕ್ಕೆ ಸೈ, ಬಸ್ಸಿಗೆ ಬೇಡ

ಕಛೇರಿಗಳಿಗಾಗಿ ಊರೂರು ಸುತ್ತುವ ಮೃದಂಗ ವಾದಕರ ಕೈಯಲ್ಲಿ ಈಚೆಗೆ ಹೆಚ್ಚಾಗಿ ಕಾಣುವ ಫೈಬರ್ ಪೆಟ್ಟಿಗೆಯನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ನನ್ನದನ್ನು ಬೆಂಗಳೂರಿನ ಸಣ್ಣ ಕಾರ್ಖಾನೆಯೊಂದರಲ್ಲಿ ಅಳತೆ ಕೊಟ್ಟು ಮಾಡಿಸಿದೆ. ನಾನು ನೋಡಿರುವ ಮಟ್ಟಿಗೆ ಈ ಪೆಟ್ಟಿಗೆಗಳೆಲ್ಲ ಹೆಚ್ಚುಕಡಿಮೆ ಒಂದೇ ಮಾದರಿಯವು. ಆದ್ದರಿಂದ ತಯಾರಕರ ಹೆಸರನ್ನು ಬದಿಗಿಟ್ಟು ಪೆಟ್ಟಿಗೆಯ ಗುಣದೋಷಗಳನ್ನಷ್ಟೇ ಹೇಳುತ್ತೇನೆ.

ಮೊದಲು ಅದರ ದೊಡ್ಡ ಗುಣ. ಹಲಸಿನ ಮರದ ಕಳಸೆ, ಅಂದರೆ ಮೃದಂಗದ ಒಡಲು, ಎಷ್ಟೇ ಗಟ್ಟಿಯಾಗಿದ್ದರೂ ಎತ್ತರದಿಂದ ಬಿದ್ದರೆ ಸೀಳು ಬಿಡುತ್ತದೆ. ಮುಚ್ಚಿಗೆಯನ್ನು (ಮುಖದ ಚರ್ಮದ ಹೊದಿಕೆಯನ್ನು) ಹೊಸದಾಗಿ ಹಾಕಿಸಬಹುದು, ಬಾರು ಬದಲಿಸಬಹುದು, ಆದರೆ ಸೀಳಿದ ಮರದ ನಾದ ಮತ್ತೆ ಮೊದಲಿನಂತಾಗುವುದು ಅಪರೂಪ. ಹತ್ತಿ ತುಂಬಿದ ಗವಸಿನಲ್ಲಿ ಮೃದಂಗವನ್ನು ವಿಮಾನದ ಸರಕಿಗೆ ಹಾಕಿ, ಇಳಿದ ಊರಿನಲ್ಲಿ ಸಾಮಾನು ಬರುವ ಪಟ್ಟಿಯ ಮುಂದೆ ಉಸಿರು ಬಿಗಿಹಿಡಿದು ನಿಲ್ಲುವ ಕಷ್ಟ ಈ ಪೆಟ್ಟಿಗೆ ಬಂದ ಮೇಲೆ ತಪ್ಪಿದೆ. ಒಮ್ಮೆ ಒಂದು ಮೂಲೆ ಜಜ್ಜಿ ಬಿಳಿಯ ಗೀರುಗಳೆದ್ದು ಬಂತು, ಒಂದು ಚಿಲಕವೂ ಕಿತ್ತುಬಂದಿತ್ತು. ಒಳಗೆ ವಾದ್ಯಕ್ಕೆ ಏನೂ ಆಗಿರಲಿಲ್ಲ. ಎರಡೂ ಮುಖಗಳ ಕಡೆ ದಪ್ಪ ಸ್ಪಂಜು ಇರುವುದರಿಂದ ಪೆಟ್ಟು ಮುಚ್ಚಿಗೆಯವರೆಗೆ ಮುಟ್ಟುವುದಿಲ್ಲ.

ಪಿಟೀಲು ವಿದ್ವಾಂಸರ ಮೇಲೆ ನಮಗೆ ಸ್ವಲ್ಪ ಹೊಟ್ಟೆಕಿಚ್ಚು ಇರುವುದು ನಿಜ. ಅಮೆರಿಕದಲ್ಲಿ 2012ರ ಕಾನೂನಿನ ಆಧಾರದ ಮೇಲೆ 2015ರಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ, ವಿಮಾನ ಹತ್ತುವ ಹೊತ್ತಿಗೆ ಜಾಗವಿದ್ದರೆ ಸಣ್ಣ ವಾದ್ಯವನ್ನು ಪ್ರಯಾಣಿಕರು ತಮ್ಮೊಡನೆ ಒಳಗೆ ಒಯ್ಯಬಹುದು. ಅಲ್ಲಿನ ಕ್ಲೀವ್‌ಲೆಂಡ್‌ನಲ್ಲಿ 1978ರಿಂದ ನಡೆಯುತ್ತಿರುವ ತ್ಯಾಗರಾಜ ಆರಾಧನೆಯ ಸಂಗೀತೋತ್ಸವಕ್ಕೆ ಹೋಗುವ ಪಿಟೀಲುಗಾರರಿಗೆ ಇದು ದೊಡ್ಡ ಅನುಕೂಲ. ಇಪ್ಪತ್ತೆರಡರಿಂದ ಇಪ್ಪತ್ತನಾಲ್ಕು ಅಂಗುಲ ಉದ್ದದ ಮೃದಂಗವನ್ನು ತಲೆಯ ಮೇಲಿನ ಗೂಡಿಗೆ ಸೇರಿಸಲು ಹೊರಟರೆ ಸಹಪ್ರಯಾಣಿಕರ ಶಾಪ ಖಂಡಿತ. ಶ್ರುತಿ ಮಾಡುವ ಗುಂಡುಕಲ್ಲು ಮತ್ತು ಕಟ್ಟಿಗೆಯ ತುಂಡನ್ನು ಕೈಚೀಲದಲ್ಲಿ ಇಟ್ಟುಕೊಂಡರೆ ತಪಾಸಣೆಯಲ್ಲಿ ಪ್ರಶ್ನೆಗಳು ತಪ್ಪುವುದಿಲ್ಲ. ಪೆಟ್ಟಿಗೆಯೊಳಗೆ ಇವಕ್ಕೂ ಎಡಮುಚ್ಚಿಗೆಗೆ ಹಚ್ಚುವ ರವೆಯ ಡಬ್ಬಿಗೂ ಒಂದು ಸಣ್ಣ ಅರೆ ಮಾಡಿಕೊಟ್ಟಿರುವುದು ತಯಾರಕರ ಜಾಣತನ.

ಆದರೆ ಪೆಟ್ಟಿಗೆ ತಡೆಯುವುದು ಪೆಟ್ಟನ್ನು ಮಾತ್ರ, ಹವೆಯನ್ನಲ್ಲ. ಒಣಹವೆಯಲ್ಲಿ ಚರ್ಮ ಬಿಗಿದು ಶ್ರುತಿ ಏರುತ್ತದೆ, ತೇವದಲ್ಲಿ ಸಡಿಲಗೊಂಡು ಇಳಿಯುತ್ತದೆ. ಬೆಂಗಳೂರಿನಲ್ಲಿ ಸರಿಯಾಗಿ ಶ್ರುತಿ ಸೇರಿಸಿ ಮುಚ್ಚಿದ ವಾದ್ಯ ಚೆನ್ನೈಯಲ್ಲಿ ತೆರೆದಾಗ ಕೆಳಗಿಳಿದಿರುವುದು ಸಾಮಾನ್ಯ. ಇದಕ್ಕಿಂತ ದೊಡ್ಡ ತೊಂದರೆ ಎಂದರೆ ಒಳಗೆ ಸಿಕ್ಕಿಕೊಂಡ ತೇವ ಹೊರಗೆ ಹೋಗಲು ದಾರಿಯೇ ಇಲ್ಲದಿರುವುದು. ಬಟ್ಟೆಯ ಗವಸಿಗೆ ಗಾಳಿ ಆಡುತ್ತದೆ, ಫೈಬರಿಗೆ ಆಡುವುದಿಲ್ಲ. ಕಛೇರಿ ಮುಗಿದ ಮೇಲೆ ಎಡಮುಚ್ಚಿಗೆಗೆ ಹಚ್ಚಿದ ರವೆಯನ್ನು ಪೂರ್ತಿ ಕೆರೆದು ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಹೊತ್ತು ಗಾಳಿಗೆ ಇಡದೆ ಪೆಟ್ಟಿಗೆಗೆ ಸೇರಿಸಿದರೆ, ಮಳೆಗಾಲದ ಉಡುಪಿ, ಮಂಗಳೂರುಗಳಲ್ಲಿ ಒಂದೆರಡು ದಿನಕ್ಕೇ ಚರ್ಮದ ಅಂಚಿನಲ್ಲಿ ಬೂಷ್ಟು ಹಿಡಿಯುತ್ತದೆ. ಕಛೇರಿ ಮುಗಿದ ಕೂಡಲೇ ರಾತ್ರಿ ಬಸ್ಸಿಗೆ ಓಡುವವರಿಗೆ ಈ ವ್ಯವಧಾನ ಎಲ್ಲಿದೆ? ಸಿಲಿಕಾ ಜೆಲ್ ಪೊಟ್ಟಣಗಳನ್ನು ಒಳಗೆ ಹಾಕುವುದರಿಂದ ತಕ್ಕಮಟ್ಟಿಗೆ ಉಪಯೋಗವಿದೆ. ಆದರೆ ಅವು ತೇವ ಹೀರುತ್ತಾ ಹೋಗಿ ತಾವೇ ತುಂಬಿಬಿಡುವುದರಿಂದ ಆಗಾಗ ಬದಲಿಸಬೇಕು.

ತೂಕದ ವಿಷಯದಲ್ಲಂತೂ ನನಗೆ ಸಮಾಧಾನವಿಲ್ಲ. ವಾದ್ಯವೇ ಹತ್ತು ಕಿಲೋ ಆಸುಪಾಸು ಇರುವಾಗ, ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಸಿಗುವ 15 ಕಿಲೋ ಮಿತಿ ಪೆಟ್ಟಿಗೆಯೊಂದರಲ್ಲೇ ಮುಗಿದುಹೋಗುತ್ತದೆ. ಪಂಚೆ, ಜುಬ್ಬಾ, ಉಳಿದದ್ದೆಲ್ಲ 7 ಕಿಲೋ ಕೈಚೀಲಕ್ಕೆ. ಒಂದೇ ಪ್ರವಾಸದಲ್ಲಿ ಒಂದನೇ ಮನೆಯ ಶ್ರುತಿಯಲ್ಲಿ ಹಾಡುವ ಗಾಯಕರಿಗೂ ಐದೂವರೆ ಮನೆಯ ಶ್ರುತಿಯ ಗಾಯಕಿಯರಿಗೂ ನುಡಿಸಬೇಕಾದರೆ ತಗ್ಗು ಶ್ರುತಿಯದೊಂದು, ಹೆಚ್ಚು ಶ್ರುತಿಯದೊಂದು ಎಂದು ಎರಡು ಮೃದಂಗ ಬೇಕು. ಆಗ ಹೆಚ್ಚುವರಿ ತೂಕದ ಶುಲ್ಕವನ್ನು ಯಾರು ಕೊಡುವುದು ಎಂಬುದನ್ನು ಸಂಘಟಕರೊಡನೆ ಮೊದಲೇ ಮಾತಾಡಿಕೊಳ್ಳುವುದು ಲೇಸು. ಸಂಭಾವನೆಯ ಲಕೋಟೆ ಕೈಗೆ ಬಂದ ಮೇಲೆ ಆ ಮಾತು ತೆಗೆಯಲು ಯಾರಿಗೂ ಬಾಯಿ ಬರುವುದಿಲ್ಲ. ರಾಮನವಮಿಯ ತಿಂಗಳಲ್ಲಿ ಬೆಂಗಳೂರು, ಮೈಸೂರುಗಳ ನಡುವೆ ಬಸ್ಸು, ರೈಲುಗಳಲ್ಲಿ ಓಡಾಡುವಾಗ ನಾನು ಈ ಪೆಟ್ಟಿಗೆಯನ್ನು ಮನೆಯಲ್ಲೇ ಬಿಡುತ್ತೇನೆ. ವಾದ್ಯ ಕಣ್ಣೆದುರಿಗೇ ಇರುವಾಗ ಒಳ್ಳೆಯ ದಪ್ಪ ಗವಸು ಸಾಕು, ಹೆಗಲಿಗೂ ಹಗುರ.

ಹಾಗಾಗಿ ವರ್ಷಕ್ಕೆ ನಾಲ್ಕಾರು ಬಾರಿಯಾದರೂ ವಿಮಾನ ಹತ್ತುವವರಿಗೆ ಇದು ಕೊಟ್ಟ ಹಣಕ್ಕೆ ತಕ್ಕ ವಸ್ತು, ಉಳಿದವರು ದುಡುಕಬೇಕಾಗಿಲ್ಲ. ಮಾಡಿಸುವವರು ಅಳತೆಯನ್ನು ಗವಸು ಹಾಕಿದ ಮೃದಂಗಕ್ಕೆ ಕೊಡಬೇಕು, ಇಲ್ಲದಿದ್ದರೆ ಗವಸಿನ ಸಮೇತ ಒಳಗೆ ಇಡಲಾಗದು. ಉದ್ದ, ಅಗಲ, ಎತ್ತರ ಮೂರೂ ಕೂಡಿ 158 ಸೆಂಟಿಮೀಟರ್ ಒಳಗಿದ್ದರೆ ಹೆಚ್ಚಿನ ಅಂತರರಾಷ್ಟ್ರೀಯ ವಿಮಾನಗಳಲ್ಲಿ ಅಳತೆಯ ತಕರಾರು ಬರುವುದಿಲ್ಲ. ಗಾಲಿಗಳನ್ನು ಅಂಟಿನಿಂದ ಕೂರಿಸದೆ ತಿರುಪಿನಿಂದ ಬಿಗಿಯಲು ಹೇಳಿ, ಮೊದಲು ಕಳಚುವುದು ಅವೇ.