ಸ್ಕ್ರಮ್, ಕಾನ್‌ಬಾನ್, ಎಕ್ಸ್‌ಪಿ: ಮೂರನ್ನೂ ಬಳಸಿದೆವು, ಆದರೆ ಹಿಂದುಮುಂದಾಗಿ

ಆರು ಜನರ ತಂಡ, ಒಂದೇ ಆ್ಯಪ್, ಸಾಫ್ಟ್‌ವೇರ್ ಕೆಲಸ ನಡೆಸುವ ಮೂರು ವಿಧಾನ. ಮೊದಲು ಸ್ಕ್ರಮ್, ಆಮೇಲೆ ಕಾನ್‌ಬಾನ್, ಕೊನೆಗೆ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್, ಅಂದರೆ ಎಕ್ಸ್‌ಪಿ.

ಸ್ಕ್ರಮ್‌ನಲ್ಲಿ ಸ್ಪ್ರಿಂಟ್, ಅಂದರೆ ಕೆಲಸದ ಒಂದು ಸುತ್ತು, ಒಂದು ತಿಂಗಳು ಮೀರುವಂತಿಲ್ಲ; ನಾವು ಎರಡು ವಾರ ಇಟ್ಟುಕೊಂಡೆವು. ಇದರಲ್ಲಿ ನನಗೆ ಹಿಡಿಸಿದ್ದು ಸುತ್ತಿನ ಕೊನೆಯ ರಿವ್ಯೂ. ಓಡುವ ಆ್ಯಪನ್ನೇ ತೋರಿಸಬೇಕು, ಬಾಯಿಮಾತು ನಡೆಯದು. ಹೆಮ್ಮೆಯಿಂದ ಕಟ್ಟಿದ ಫಿಲ್ಟರ್ ಪರದೆಯನ್ನು ನೋಡಿ ಬಳಕೆದಾರರು "ಇಷ್ಟೆಲ್ಲ ಯಾಕೆ, ಹುಡುಕೋಕೆ ಒಂದು ಜಾಗ ಕೊಡಿ ಸಾಕು" ಅಂದುಬಿಟ್ಟರು. ಹಾಳಾದದ್ದು ಎರಡೇ ವಾರ, ಬಚಾವಾದೆವು. ಕಾಟ ಕೊಟ್ಟದ್ದು ತುರ್ತು ಬಗ್‌ಗಳು. ಸೋಮವಾರದ ಪ್ಲಾನ್ ಬುಧವಾರಕ್ಕೆ ತಲೆಕೆಳಗು. ಮೇಲಿನವರಿಗೋ ಸ್ಪ್ರಿಂಟ್ ಪಟ್ಟಿಯೆಂದರೆ ಕೊಟ್ಟ ಮಾತು. ಸ್ಕ್ರಮ್‌ನ ನಿಯಮ ಪುಸ್ತಕವಾದ ಸ್ಕ್ರಮ್ ಗೈಡ್ 2011ರಲ್ಲೇ 'ಕಮಿಟ್‌ಮೆಂಟ್' (ಕೊಟ್ಟ ಮಾತು) ಬಿಟ್ಟು 'ಫೋರ್‌ಕಾಸ್ಟ್' (ಅಂದಾಜು) ಎಂದು ಬದಲಿಸಿಕೊಂಡಿದೆ ಎಂದು ತೋರಿಸಿದರೂ ಕೇಳುವವರಿರಲಿಲ್ಲ.

ಟೊಯೋಟಾ ಕಾರ್ಖಾನೆಯಲ್ಲಿ ಹುಟ್ಟಿದ ಕಾನ್‌ಬಾನ್‌ನಲ್ಲಿ ಸ್ಪ್ರಿಂಟ್ ಎಂಬುದೇ ಇಲ್ಲ. ಕೈಯಲ್ಲಿರುವ ಕೆಲಸಕ್ಕೆ ಮಿತಿ ಇರುತ್ತದೆ. ಲೆಕ್ಕ ಸರಳ: 12 ಕೆಲಸ ಹಿಡಿದುಕೊಂಡು ವಾರಕ್ಕೆ 3 ಮುಗಿಸಿದರೆ ಒಂದೊಂದಕ್ಕೂ ಸರಾಸರಿ 4 ವಾರ. ಮುಗಿಸುವ ವೇಗ ಅಷ್ಟೇ ಇದ್ದು, ಕೈಯಲ್ಲಿ 6 ಮಾತ್ರ ಇಟ್ಟುಕೊಂಡರೆ 2 ವಾರ. ಬೋರ್ಡ್ ಮೇಲೆ ಕೆಲಸಕ್ಕೊಂದು ಕಾರ್ಡ್, ಹಂತಕ್ಕೊಂದು ಕಾಲಂ. ಕೋಡ್ ರಿವ್ಯೂ ಕಾಲಂಗೆ ಎರಡೇ ಕಾರ್ಡ್ ಎಂದು ಮಿತಿ ಹಾಕಿದ ದಿನ ಜಗಳವೇ ಆಯಿತು. ಕಾಲಂ ತುಂಬಿದರೆ ಹೊಸ ಕೆಲಸ ಎಳೆದುಕೊಳ್ಳುವಂತಿಲ್ಲ, ಬೇರೆಯವರ ಕೋಡ್ ಓದಲೇಬೇಕು. ಅಲ್ಲಿಯವರೆಗೆ ಅದು ಯಾರಿಗೂ ಬೇಡದ ಕೆಲಸವಾಗಿತ್ತು! ಬಗ್‌ಗಳೂ ಗದ್ದಲವಿಲ್ಲದೆ ಸಾಲಿಗೆ ಬಂದವು. ಕಳೆದುಕೊಂಡದ್ದು ರಿವ್ಯೂನಲ್ಲಿ ಆ್ಯಪ್ ತೋರಿಸುವ ಡೆಮೊ. ದಿನಾಂಕವೇ ಇಲ್ಲದ ಮೇಲೆ ಕರೆಯುವವರು ಯಾರು? ಎರಡು ತಿಂಗಳು ಬಳಕೆದಾರರ ಮುಖ ನೋಡಲಿಲ್ಲ.

ಎಕ್ಸ್‌ಪಿ 1990ರ ದಶಕದಲ್ಲಿ ಕ್ರೈಸ್ಲರ್ ಕಾರು ಕಂಪನಿಯ ಸಂಬಳ ಲೆಕ್ಕದ ಪ್ರಾಜೆಕ್ಟ್‌ನಲ್ಲಿ ಪ್ರೋಗ್ರಾಮರ್ ಕೆಂಟ್ ಬೆಕ್ ರೂಪಿಸಿದ್ದು. ಪೇರ್ ಪ್ರೋಗ್ರಾಮಿಂಗ್, ಅಂದರೆ ಇಬ್ಬರು ಒಂದೇ ಕಂಪ್ಯೂಟರ್ ಮುಂದೆ ಕೂತು ಕೋಡ್ ಬರೆಯುವುದು, ನನ್ನನ್ನಂತೂ ಮಧ್ಯಾಹ್ನದೊಳಗೆ ಸುಸ್ತು ಮಾಡುತ್ತಿತ್ತು. ಕಗ್ಗಂಟಿನ ಭಾಗಕ್ಕೆ ಮಾತ್ರ ಉಳಿಸಿಕೊಂಡೆವು. ಆದರೆ ಮೊದಲು ಕೋಡನ್ನು ತಾನಾಗಿಯೇ ಪರೀಕ್ಷಿಸುವ ಟೆಸ್ಟ್, ಆಮೇಲೆ ಕೋಡ್ ಎಂಬ ಶಿಸ್ತು ಬಂದಾಗಲೇ ಹಳೆಯ ಎರಡು ಪ್ರಯೋಗಗಳ ಕುಂಟು ಎಲ್ಲಿತ್ತೆಂದು ಕಂಡದ್ದು. ಪ್ರತಿ ಸುತ್ತಿನಲ್ಲೂ ಹಳೆಯ ಕೋಡ್ ಮುಟ್ಟುತ್ತೇವೆ. ಟೆಸ್ಟ್ ಇಲ್ಲದಿದ್ದರೆ ಮುಟ್ಟಿದ್ದನ್ನೆಲ್ಲ ಕೈಯಾರೆ ಪರೀಕ್ಷಿಸಬೇಕು. ನಮ್ಮ ಸ್ಪ್ರಿಂಟ್‌ನ ಕೊನೆಯ ಎರಡು ದಿನ ಅದಕ್ಕೇ ಹೋಗುತ್ತಿದ್ದವು, ಆ್ಯಪ್ ಬೆಳೆದಂತೆ ಮೂರು.

ಈಗ ಬೋರ್ಡ್ ಕಾನ್‌ಬಾನ್‌ನದು, ಎರಡು ವಾರಕ್ಕೊಮ್ಮೆ ಡೆಮೊ ಸ್ಕ್ರಮ್‌ನದು, ಟೆಸ್ಟ್ ಎಕ್ಸ್‌ಪಿಯದು. ಹೊಸ ತಂಡ ಕೇಳಿದರೆ ಟೆಸ್ಟ್‌ನಿಂದಲೇ ಶುರುಮಾಡಿ ಅನ್ನುತ್ತೇನೆ. ಸ್ಟೋರಿ ಪಾಯಿಂಟ್, ಅಂದರೆ ಕೆಲಸದ ಗಾತ್ರಕ್ಕೆ ಕೊಡುವ ಅಂದಾಜು ಅಂಕ, ಎಣಿಸುವುದನ್ನು ಬಿಟ್ಟು ವರ್ಷವಾಯಿತು. ಎಲ್ಲಿ ಹೋಯಿತೆಂದು ಮೇಲಿನವರೂ ಕೇಳಿಲ್ಲ.